ಅಣಬೆ ತಿಂದುಳಿದ ಬೈಹುಲ್ಲು ದನಕ್ಕೆ ಆದೀತೇ?

ಅಡಿಕೆ ಬೆಳೆಯುವ ನಮಗೆ ಅಣಬೆ ಎಂದರೆ ಮೊದಲು ನೆನಪಾಗುವುದು ಅಣಬೆ ರೋಗ. ಮರದ ಬುಡದಲ್ಲಿ ಕಂದು ಅಣಬೆ ಮೂಡಿತೆಂದರೆ ಆ ಮರದ ಆಸೆ ಬಿಟ್ಟ ಹಾಗೆಯೇ. ಅಂಥ ಮರ ಕಡಿದು ಬುಡ ಸೀಳಿ ನೋಡಿದ್ದೀರಾ? ಗಟ್ಟಿ ನಾರು ಮೆತ್ತಗಾಗಿ, ಬೆರಳಲ್ಲಿ ಒತ್ತಿದರೆ ಪುಡಿ ಪುಡಿ. ಗ್ಯಾನೊಡರ್ಮಾ ಎಂಬ ಶಿಲೀಂಧ್ರದ ಕೆಲಸ ಅದು. ಚಿಲಿ ದೇಶದ ದಕ್ಷಿಣದ ಮಳೆಕಾಡುಗಳಲ್ಲಿ ಇದೇ ಕುಲದ ಶಿಲೀಂಧ್ರ ಹಿಡಿದು ಬಿಳಿಚಿಕೊಂಡ ಮರದ ದಿಮ್ಮಿಯನ್ನು ದನಗಳು ತಿನ್ನುತ್ತವಂತೆ. ಅಲ್ಲಿಯವರು ಅದಕ್ಕೆ ‘ಪಾಲೊ ಪೊದ್ರಿದೊ’ ಎನ್ನುತ್ತಾರೆ. ಕೊಳೆತ ಮರ ಎಂದರ್ಥ.

ಮರವನ್ನೇ ಮೇವು ಮಾಡುವ ಶಿಲೀಂಧ್ರಕ್ಕೆ ಬೈಹುಲ್ಲು ಯಾವ ಲೆಕ್ಕ? ಈ ಯೋಚನೆ ನನ್ನ ತಲೆಗೆ ಹೊಕ್ಕಿದ್ದು ಮೂರು ವರ್ಷದ ಹಿಂದೆ. ನಮ್ಮಲ್ಲಿ ಗದ್ದೆಗಳೆಲ್ಲ ತೋಟವಾಗಿ ಹೋಗಿವೆ. ಹಟ್ಟಿಯಲ್ಲಿ ಎರಡು ದನ, ಒಂದು ಕರು. ಬೈಹುಲ್ಲು ಘಟ್ಟದ ಮೇಲಿನಿಂದ ಲಾರಿಯಲ್ಲಿ ಬರಬೇಕು. ಅಷ್ಟು ದುಡ್ಡು ಕೊಟ್ಟು ತಂದದ್ದರಲ್ಲಿ ಅರ್ಧಕ್ಕರ್ಧ ಜೀರ್ಣವಾಗದೆ ಸೆಗಣಿಯಾಗಿ ಹೋಗುತ್ತದೆ ಎಂದರೆ ಹೊಟ್ಟೆ ಉರಿಯದೇ?

ದನದ ಹೊಟ್ಟೆಯಲ್ಲಿ ಆಗದ ಕೆಲಸ

ಬೈಹುಲ್ಲಿನಲ್ಲಿ ಸೆಲ್ಯುಲೋಸ್ ಎಂಬ ನಾರು ಬೇಕಾದಷ್ಟಿದೆ. ದನದ ದೊಡ್ಡ ಹೊಟ್ಟೆಯ ಸೂಕ್ಷ್ಮಜೀವಿಗಳಿಗೆ ಅದೇ ಊಟ. ಆದರೆ ಆ ನಾರಿನ ಸುತ್ತ ಲಿಗ್ನಿನ್ ಎಂಬ ವಸ್ತು ಗಾರೆ ಹಾಕಿದ ಹಾಗೆ ಮೆತ್ತಿಕೊಂಡಿರುತ್ತದೆ. ಅದನ್ನು ಬಿಡಿಸಲು ಗಾಳಿ ಬೇಕು. ದನದ ಹೊಟ್ಟೆಯಲ್ಲಿ ಗಾಳಿ ಇಲ್ಲ. ಹಾಗಾಗಿ ದನ ಎಷ್ಟು ಮೆಲುಕು ಹಾಕಿದರೂ ಲಿಗ್ನಿನ್ ಅಲ್ಲಾಡುವುದಿಲ್ಲ. ಅದರ ಹಿಂದೆ ಅಡಗಿದ ಸೆಲ್ಯುಲೋಸ್ ಕೂಡಾ ದಕ್ಕುವುದಿಲ್ಲ. ಮೇಲಿಂದ, ಬೈಹುಲ್ಲಿನಲ್ಲಿ ಪ್ರೋಟೀನು ನೂರಕ್ಕೆ 3-4 ಭಾಗ ಮಾತ್ರ. ಹೊಟ್ಟೆಯ ಸೂಕ್ಷ್ಮಜೀವಿಗಳು ಚುರುಕಾಗಿ ಕೆಲಸ ಮಾಡಲು ಇದು ಸಾಲದು.

ಲಿಗ್ನಿನನ್ನು ಚೆನ್ನಾಗಿ ಒಡೆಯಬಲ್ಲವು ‘ಬಿಳಿ ಕೊಳೆ’ ಗುಂಪಿನ ಶಿಲೀಂಧ್ರಗಳು. ನಾವು ತಿನ್ನುವ ಚಿಪ್ಪಣಬೆ ಈ ಗುಂಪಿನದೇ. ಆದರೆ ಈ ಗುಂಪಿನಲ್ಲೂ ಎಲ್ಲರ ಊಟದ ಕ್ರಮ ಒಂದೇ ಅಲ್ಲ. ಕೆಲವು ಲಿಗ್ನಿನನ್ನು ಮೊದಲು ತಿಂದು ಸೆಲ್ಯುಲೋಸನ್ನು ಬಹುಮಟ್ಟಿಗೆ ಬಿಡುತ್ತವೆ. ಕೆಲವು ಎರಡನ್ನೂ ಒಟ್ಟಿಗೇ ಮುಗಿಸುತ್ತವೆ. ‘ಕಂದು ಕೊಳೆ’ ಎಂಬ ಇನ್ನೊಂದು ಗುಂಪಂತೂ ಸೆಲ್ಯುಲೋಸನ್ನೇ ತಿಂದು ಲಿಗ್ನಿನ್ ಉಳಿಸುತ್ತದೆ. ಮೇವಿನ ಮಟ್ಟಿಗೆ ಇದು ದನಕ್ಕೆ ಸಿಪ್ಪೆ ಬಿಟ್ಟು ಹಣ್ಣು ತಿಂದ ಹಾಗೆ. ನೆದರ್‌ಲೆಂಡಿನ ವಾಗೆನಿಂಗನ್ ವಿಶ್ವವಿದ್ಯಾಲಯದಲ್ಲಿ ಈಚೆಗೆ ಹಲವು ಅಣಬೆಗಳನ್ನು ಹೋಲಿಸಿ ನೋಡಿದ್ದಾರೆ. ಸೆರಿಪೊರಿಯೊಪ್ಸಿಸ್ ಎಂಬ ಮರದ ಶಿಲೀಂಧ್ರ ಮತ್ತು ಶಿಟಾಕೆ ಅಣಬೆ ಲಿಗ್ನಿನನ್ನು ಆರಿಸಿ ತಿನ್ನುವುದರಲ್ಲಿ ಮುಂದಂತೆ. ನಮಗೆ ಸುಲಭದಲ್ಲಿ ಬೀಜ ಸಿಗುವುದು ಚಿಪ್ಪಣಬೆಯದ್ದು.

ನಮ್ಮ ದೇಶದಲ್ಲೂ ಈ ಕೆಲಸ ನಡೆದಿದೆ. 1980ರ ದಶಕದಲ್ಲಿ ಕರ್ನಾಲಿನ ರಾಷ್ಟ್ರೀಯ ಡೈರಿ ಸಂಶೋಧನಾ ಸಂಸ್ಥೆಯವರು ಹುಲ್ಲಿಗೆ ಮೊದಲು ಯೂರಿಯಾ ಉಪಚಾರ ಮಾಡಿ, ಆಮೇಲೆ ಕೊಪ್ರಿನಸ್ ಎಂಬ ಶಿಲೀಂಧ್ರ ಬೆಳೆಸುವ ಎರಡು ಹಂತದ ವಿಧಾನ ರೂಪಿಸಿದರು. ಯೂರಿಯಾದಿಂದ ಬರುವ ಅಮೋನಿಯಾವನ್ನು ಶಿಲೀಂಧ್ರ ತನ್ನ ಪ್ರೋಟೀನಾಗಿ ಮಾಡಿಕೊಳ್ಳಲಿ ಎಂಬುದು ಉಪಾಯ. ಪ್ರೋಟೀನು ಹೆಚ್ಚಿತು, ಆದರೆ ಹುಲ್ಲಿನ ತೂಕ ಇಳಿಯಿತು. ರೈತರ ಹಟ್ಟಿಗೆ ಈ ವಿಧಾನ ಇಳಿದು ಬರಲಿಲ್ಲ. ಬೆಂಗಳೂರಿನ ರಾಷ್ಟ್ರೀಯ ಪಶು ಪೋಷಣೆ ಮತ್ತು ಶರೀರಕ್ರಿಯಾ ಸಂಸ್ಥೆಯಲ್ಲಿ ಶಿಲೀಂಧ್ರದ ಬದಲು ಅದರ ಕಿಣ್ವವನ್ನೇ ಮೇವಿಗೆ ಬಳಸುವ ಬಗ್ಗೆ ಕೆಲಸವಾಗಿದೆ.

ತೂಕದ ಲೆಕ್ಕ

ತೂಕ ಇಳಿಯುವುದೆಂದರೇನು? ಅಣಬೆಯೇನೂ ಧರ್ಮಕ್ಕೆ ದುಡಿಯುವುದಿಲ್ಲ. ಲಿಗ್ನಿನ್ ಒಡೆಯುವ ಶ್ರಮಕ್ಕೆ ಅದಕ್ಕೂ ಊಟ ಬೇಕು. ಹುಲ್ಲಿನ ಒಂದು ಪಾಲನ್ನು ಅದು ಉಸಿರಾಡಿಯೇ ಮುಗಿಸುತ್ತದೆ.

ಒಂದು ಲೆಕ್ಕ ಹಾಕುವ. 100 ಕಿಲೋ ಒಣ ಬೈಹುಲ್ಲಿನಲ್ಲಿ ದನಕ್ಕೆ 45 ಕಿಲೋ ಜೀರ್ಣವಾಗುತ್ತದೆ ಎಂದಿಟ್ಟುಕೊಳ್ಳಿ. ಅಣಬೆ 20 ಕಿಲೋ ತಿಂದಿತು, ಉಳಿದದ್ದು 80. ಈ 80 ಕಿಲೋದಲ್ಲಿ ಮೊದಲಿನ 45 ಕಿಲೋ ದನಕ್ಕೆ ದಕ್ಕಬೇಕಾದರೆ ಜೀರ್ಣಶಕ್ತಿ ನೂರಕ್ಕೆ 56ಕ್ಕೆ ಏರಬೇಕು. ಅಷ್ಟಾದರೆ ಅಸಲು ಮಾತ್ರ. ಬೀಜ, ಸೌದೆ, ನಮ್ಮ ದುಡಿತ ಎಲ್ಲ ಇದರ ಹೊರಗೆ. ‘ಅಣಬೆ ಹಾಕಿದರೆ ಪ್ರೋಟೀನು ಎರಡು ಪಾಲಾಗುತ್ತದೆ’ ಎಂದು ಯಾರಾದರೂ ಹೇಳಿದರೆ, ಉಳಿದ ಹುಲ್ಲು ಎಷ್ಟು ಎಂದು ತಿರುಗಿ ಕೇಳಿ. ಸೇಕಡಾ ಏರುವುದು ಉಳಿದದ್ದು ಕರಗಿದ್ದರಿಂದಲೂ ಆಗಬಹುದು. ಭತ್ತದ ಹುಲ್ಲಿನಲ್ಲಿ ಮರಳಿನಂಥ ಸಿಲಿಕಾ ಬೇರೆ ತುಂಬ ಇದೆ. ಅಣಬೆ ಅದನ್ನು ಮುಟ್ಟುವುದಿಲ್ಲ. ಹುಲ್ಲು ಕರಗಿದಷ್ಟೂ ಅದರ ಪಾಲು ಏರುತ್ತದೆ.

ಆದ್ದರಿಂದ ನನ್ನ ಅಭಿಪ್ರಾಯ ಇಷ್ಟೆ: ಮೇವಿಗಾಗಿಯೇ ಅಣಬೆ ಹಾಕುವುದು ಸಣ್ಣ ಕೃಷಿಕನಿಗೆ ಹೇಳಿದ್ದಲ್ಲ. ಅಣಬೆಯನ್ನು ನಾವು ತಿಂದು ಅಥವಾ ಮಾರಿ, ಉಳಿದ ಹುಲ್ಲನ್ನು ದನಕ್ಕೆ ಕೊಡುವುದಾದರೆ ಮಾತು ಬೇರೆ.

ನಾನು ಮಾಡಿದ್ದು

ಮೊದಲ ಸಲ ತರಬೇತಿಯಲ್ಲಿ ಕೊಟ್ಟ ಕಾಗದದಲ್ಲಿದ್ದ ಹಾಗೆ ಕಾರ್ಬೆಂಡಜಿಮ್ ಮತ್ತು ಫಾರ್ಮಲಿನ್ ಬೆರೆಸಿದ ನೀರಿನಲ್ಲಿ ಹುಲ್ಲು ನೆನೆಸಿದೆ. ಅಣಬೆ ಚೆನ್ನಾಗಿಯೇ ಬಂತು. ಉಳಿದ ಹುಲ್ಲನ್ನು ಹಟ್ಟಿಗೆ ಒಯ್ಯುವಾಗ ಮನೆಯವಳು ಅಡ್ಡ ನಿಂತಳು. “ಮದ್ದಿನ ನೀರಲ್ಲಿ ನೆನೆದದ್ದನ್ನು ದನಕ್ಕೆ ಹಾಕುವುದಾ ನೀವು? ಹಾಲು ಕುಡಿಯುವುದು ನಮ್ಮ ಮಕ್ಕಳಲ್ಲವಾ?” ಉತ್ತರ ಇರಲಿಲ್ಲ. ಅಷ್ಟೂ ಗೊಬ್ಬರದ ಗುಂಡಿಗೆ ಹೋಯಿತು. ಮೇವಿಗೆ ಬಳಸುವ ಯೋಚನೆ ಇದ್ದರೆ ಮದ್ದಿನ ವಿಧಾನ ಬೇಡವೇ ಬೇಡ.

ಈಗ ಬಿಸಿನೀರಿನ ವಿಧಾನ. ಹೊಸ ಹುಲ್ಲು, ಮಳೆಗೆ ನೆನೆಯದ್ದು, ಒಳ್ಳೆ ಹಳದಿ ಬಣ್ಣದ್ದು ಆರಿಸಿ ಎರಡು ಇಂಚು ಉದ್ದಕ್ಕೆ ಕತ್ತರಿಸುತ್ತೇನೆ. ರಾತ್ರಿಯಿಡೀ ತಣ್ಣೀರಿನಲ್ಲಿ ನೆನೆ. ಬೆಳಗ್ಗೆ ಬಚ್ಚಲು ಹಂಡೆಯಲ್ಲಿ ಒಂದು ಗಂಟೆ, ನೀರು ಕೊತಕೊತ ಕುದಿಯಬೇಕೆಂದಿಲ್ಲ. 80 ಡಿಗ್ರಿ ಸಾಕು. ಬಸಿದು, ನೆರಳಲ್ಲಿ ಹರಡಿ, ಮುಷ್ಟಿಯಲ್ಲಿ ಹಿಂಡಿದರೆ ಕೈ ಒದ್ದೆಯಾಗಬೇಕು, ಹನಿ ಬೀಳಬಾರದು. ಆಮೇಲೆ ಪ್ಲಾಸ್ಟಿಕ್ ಚೀಲದಲ್ಲಿ ಒಂದು ಪದರ ಹುಲ್ಲು, ಅಂಚಿಗೆ ಬೀಜ, ಮತ್ತೆ ಹುಲ್ಲು. ಚೀಲಕ್ಕೆ ಅಲ್ಲಲ್ಲಿ ಸಣ್ಣ ತೂತು. ಸುಮಾರು 18-20 ದಿನದಲ್ಲಿ ಚೀಲವಿಡೀ ಬೆಳ್ಳಗೆ ಹೆಣೆದುಕೊಳ್ಳುತ್ತದೆ. ಕೊಯ್ಲಿನ ವಿವರ ಇಲ್ಲಿ ಬೇಡ, ಅಣಬೆ ಬೆಳೆಯುವವರಿಗೆ ಗೊತ್ತಿದ್ದದ್ದೇ.

ನಾನು ಎರಡು ಕೊಯ್ಲಿಗೇ ನಿಲ್ಲಿಸುತ್ತೇನೆ. ಮೂರನೆಯದಕ್ಕೆ ಕಾದರೆ ಅಣಬೆ ಬರುವುದು ಅಷ್ಟಕ್ಕಷ್ಟೆ, ಹುಲ್ಲು ಮಾತ್ರ ಕರಗುತ್ತಾ ಹೋಗುತ್ತದೆ. 10 ಕಿಲೋ ಒಣ ಹುಲ್ಲು ತುಂಬಿಸಿದ 10 ಚೀಲ ಬಿಡಿಸಿ ಬಿಸಿಲಲ್ಲಿ ಒಣಗಿಸಿ ತೂಗಿದಾಗ 7 ಕಿಲೋಗೆ ಸ್ವಲ್ಪ ಕಡಿಮೆ ಇತ್ತು. ಮೂರು ಕಿಲೋ ಹೋಯಿತಲ್ಲ ಎಂದು ಬೇಸರವಾಗಲಿಲ್ಲ, ಯಾಕೆಂದರೆ ಅದಕ್ಕೆ ಮೊದಲೇ ಸುಮಾರು 6 ಕಿಲೋ ಹಸಿ ಅಣಬೆ ಮನೆಗೂ ನೆರೆಕರೆಗೂ ಹೋಗಿತ್ತು.

ದನ ಮೊದಲ ದಿನ ಮೂಸಿ ಮುಖ ತಿರುಗಿಸಿತು. ಒಂದು ಹಿಡಿ ಹಿಂಡಿ ಚಿಮುಕಿಸಿ, ಮಾಮೂಲು ಹುಲ್ಲಿನೊಟ್ಟಿಗೆ ಬೆರೆಸಿದೆ. ನಾಲ್ಕನೆಯ ದಿನಕ್ಕೆ ರೂಢಿಯಾಯಿತು. ಈಗಲೂ ಒಣಮೇವಿನ ಕಾಲಂಶಕ್ಕಿಂತ ಹೆಚ್ಚು ಕೊಡುವುದಿಲ್ಲ. ಹಾಲು ಹೆಚ್ಚಾಯಿತೇ ಎಂದು ಎಲ್ಲರೂ ಕೇಳುತ್ತಾರೆ. ಇಲ್ಲ. ಕಡಿಮೆಯೂ ಆಗಲಿಲ್ಲ. ಹುಲ್ಲು ಮೆತ್ತಗಿರುವುದರಿಂದ ಬೈಪಣೆಯಲ್ಲಿ ಕಡ್ಡಿ ಉಳಿಯುವುದು ಮಾತ್ರ ನಿಂತಿದೆ.

ಹಸಿರು ಬೂಷ್ಟು

ಆಟಿ ತಿಂಗಳಲ್ಲಿ ಒಂದು ಎಡವಟ್ಟಾಯಿತು. ಆ ಜಡಿಮಳೆಯಲ್ಲಿ ನಾಲ್ಕು ಚೀಲಕ್ಕೆ ಹಸಿರು ಬೂಷ್ಟು ಹಿಡಿಯಿತು. ಬಿಸಾಡಲೆಂದು ಹಟ್ಟಿಯ ಜಗಲಿಯಲ್ಲಿ ಇಟ್ಟದ್ದನ್ನು ಕೆಲಸಕ್ಕೆ ಬಂದ ಹುಡುಗ ದನಕ್ಕೆಂದು ತಿಳಿದು ಹಾಕಿಬಿಟ್ಟ. ಹುಡುಗನ ತಪ್ಪಲ್ಲ, ಹೇಳದಿದ್ದದ್ದು ನಾನು. ಐದು ತಿಂಗಳ ಗಬ್ಬದ ದನ. ಮರುದಿನ ಮೆಲುಕು ನಿಂತಿತು, ಅಕ್ಕಚ್ಚನ್ನೂ ಮುಟ್ಟಲಿಲ್ಲ. ಡಾಕ್ಟರು ಬಂದು ಮದ್ದು ಕೊಟ್ಟರು. ಬೂಷ್ಟೇ ಇರಬೇಕೆಂದು ಅವರ ಅನುಮಾನ. ಮೂರನೆಯ ದಿನ ಮೆಲುಕು ಹಾಕುವ ಸದ್ದು ಕೇಳುವವರೆಗೆ ನಮಗೆ ಮನೆಯಲ್ಲಿ ಯಾರಿಗೂ ಊಟ ಸೇರಲಿಲ್ಲ. ಕರು ಉಳಿಯಿತು.

ಬೂಷ್ಟು ಎಂದರೆ ಬರೀ ಹೊಟ್ಟೆಕೆಡುವಷ್ಟಕ್ಕೆ ನಿಲ್ಲುವುದಿಲ್ಲ. ಪಂಜಾಬ್, ಹರಿಯಾಣದ ಕಡೆ ಬೂಷ್ಟು ಹಿಡಿದ ಭತ್ತದ ಹುಲ್ಲು ತಿಂದ ಎಮ್ಮೆಗಳ ಕಾಲು, ಬಾಲ, ಕಿವಿತುದಿ ಕೊಳೆಯುವ ದೇಗ್ನಾಲ ಎಂಬ ಕಾಯಿಲೆ ಇದೆ. ಹಿಂಡಿಯ ಬೂಷ್ಟಿನಿಂದ ಬರುವ ಅಫ್ಲಾಟಾಕ್ಸಿನ್ ವಿಷ ಹಾಲಿಗೂ ಇಳಿಯುತ್ತದೆ. ಹಾಗಾಗಿ ಚೀಲ ಬಿಡಿಸಿದಾಗ ಬೆಳ್ಳಗಿದ್ದು ಅಣಬೆಯ ವಾಸನೆಯೇ ಇರಬೇಕು. ಹಸಿರು, ಕಪ್ಪು, ಕೆಂಪು ಕಂಡರೆ, ಹುಳಿ ಅಥವಾ ಕೊಳೆತ ನಾತ ಬಂದರೆ, ಆ ಭಾಗ ತೆಗೆದು ಉಳಿದದ್ದು ಕೊಡುವ ಎಂಬ ಜಿಪುಣತನ ಬೇಡ. ಇಡೀ ಚೀಲ ಗುಂಡಿಗೆ.

ಮೇವು ಮಾತ್ರ ಬೇಕಾದವರಿಗೆ

ಅಣಬೆಯ ತಾಪತ್ರಯ ಬೇಡ, ಹುಲ್ಲು ಸುಧಾರಿಸಿದರೆ ಸಾಕು ಎನ್ನುವವರಿಗೆ ಯೂರಿಯಾ ಉಪಚಾರವೇ ಮೇಲು. 100 ಕಿಲೋ ಒಣ ಹುಲ್ಲಿಗೆ 4 ಕಿಲೋ ಯೂರಿಯಾ, 50-60 ಲೀಟರು ನೀರು. ಪೂರ್ತಿ ಕರಗಿಸಿ, ಪದರ ಪದರವಾಗಿ ಚಿಮುಕಿಸಿ, ತುಳಿದು, ಗಾಳಿಯಾಡದಂತೆ ಟಾರ್ಪಾಲು ಮುಚ್ಚಿ ಮೂರು ವಾರ ಬಿಡಬೇಕು. ಹುಲ್ಲು ಕರಗಿ ನಷ್ಟವಾಗುವುದಿಲ್ಲ, ಪ್ರೋಟೀನಿನ ಅಂಶ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ. ತೆಗೆದ ಮೇಲೆ ಅಮೋನಿಯಾ ಘಾಟು ಹೋಗುವಷ್ಟು ಗಾಳಿಗೆ ಹರಡಿ ಕೊಡಬೇಕು. ಆರು ತಿಂಗಳೊಳಗಿನ ಕರುಗಳಿಗೆ ಬೇಡ. ಯೂರಿಯಾ ಕರಗಿಸಿದ ಬಕೆಟು ದನದ ಬಾಯಿಗೆ ಸಿಗುವಲ್ಲಿ ಇಡಲೇಬಾರದು, ಆ ನೀರು ಕುಡಿದರೆ ದನ ಉಳಿಯುವುದು ಕಷ್ಟ.

ನಾನಂತೂ ಈಗ ನವೆಂಬರಿನಿಂದ ಫೆಬ್ರವರಿವರೆಗೆ ಬಂದ ಅಣಬೆ ಹುಲ್ಲನ್ನು ಮಾತ್ರ ಹಟ್ಟಿಗೆ ಒಯ್ಯುತ್ತೇನೆ. ಬಿಡಿಸಿದ ದಿನವೇ ಅಂಗಳದಲ್ಲಿ ಅಡಿಕೆಯ ಪಕ್ಕ ಹರಡಿ, ಗರಿಗರಿ ಒಣಗಿದ ಮೇಲೆ ಗೋಣಿಗೆ. ಹಸಿಯಾಗಿ ಒಂದು ದಿನಕ್ಕಿಂತ ಹೆಚ್ಚು ಇಡುವುದಿಲ್ಲ. ಮಳೆಗಾಲದ ಚೀಲಗಳದ್ದು ನೇರ ಗೊಬ್ಬರದ ಗುಂಡಿಗೇ. ಕೆಲಸದ ಹುಡುಗನಿಗೂ ಈಗ ಅದು ಗೊತ್ತು.