ಬ್ರೇಕ್ ಒತ್ತಿದ್ರೆ ಪೆಡಲ್ ಕುಣಿಯುತ್ತಾ? ಡಿಸ್ಕ್ ಬದಲಿಸೋ ಮೊದಲು ಅಳತೆ ಕೇಳಿ

ಕಾರು 80ರ ಸ್ಪೀಡಲ್ಲಿದೆ, ಮೆಲ್ಲಗೆ ಬ್ರೇಕ್ ಒತ್ತುತ್ತೀರಿ. ಪೆಡಲ್ ಕಾಲಿನ ಕೆಳಗೆ ಮೇಲೆ-ಕೆಳಗೆ ಆಡುತ್ತೆ, ಸ್ಟೀರಿಂಗ್ ನಡುಗುತ್ತೆ, ಸ್ಪೀಡ್ ಇಳಿದ ಹಾಗೆ ಆ ನಡುಕವೂ ನಿಧಾನ ಆಗುತ್ತೆ. ಇವತ್ತಿನ ವಿಷಯ ಇದೇ.

ಬೇರೆ ತೊಂದರೆಗಳನ್ನ ಮೊದಲು ಪಕ್ಕಕ್ಕಿಡೋಣ. ಬ್ರೇಕ್ ಮುಟ್ಟದೇನೇ ಸ್ಟೀರಿಂಗ್ ನಡುಗಿದ್ರೆ ವೀಲ್ ಬ್ಯಾಲೆನ್ಸಿಂಗ್, ಟೈರ್ ನೋಡಿಸಿ. ಜಲ್ಲಿ ಮೇಲೋ ಮಳೆಯಲ್ಲೋ ಜೋರಾಗಿ ಒತ್ತಿದಾಗ ಮಾತ್ರ ಪೆಡಲ್ ಗಡಗಡ ಅಂದ್ರೆ ಅದು ಎಬಿಎಸ್ ತನ್ನ ಕೆಲಸ ಮಾಡ್ತಿರೋದು, ಕಾಲು ತೆಗೀಬೇಡಿ. ನಡುಕ ಸ್ಟೀರಿಂಗ್‌ನಲ್ಲಿ ಗೊತ್ತಾದ್ರೆ ಸಾಮಾನ್ಯವಾಗಿ ಮುಂದಿನ ಚಕ್ರ, ಸೀಟಿನಲ್ಲಿ ಗೊತ್ತಾದ್ರೆ ಹಿಂದಿನದ್ದು. ಕೈಯಲ್ಲಿ ಎಳೆಯೋ ಹ್ಯಾಂಡ್‌ಬ್ರೇಕ್ ಇದ್ದು ಹಿಂದೆ ಡ್ರಮ್ ಇರೋ ಕಾರಾದ್ರೆ ಇನ್ನೊಂದು ಪರೀಕ್ಷೆ ಇದೆ. ಒಣಗಿದ, ಖಾಲಿ, ನೇರ ರಸ್ತೆಯಲ್ಲಿ 30ರ ಸ್ಪೀಡಲ್ಲಿ ಹೋಗ್ತಾ ಬಟನ್ ಒತ್ತಿ ಹಿಡಿದೇ ಹ್ಯಾಂಡ್‌ಬ್ರೇಕನ್ನ ನಿಧಾನಕ್ಕೆ ಎಳೀರಿ. ಆಗಲೂ ಕುಲುಕಿದ್ರೆ ಹಿಂದಿನ ಡ್ರಮ್ ನೋಡಿಸಬೇಕು.

ಈಗ ನಮ್ಮ ಭಾವನ ಕಥೆ. ಅವರು ಉಡುಪಿಯವರು, ತಿಂಗಳಿಗೆರಡು ಸಲ ಆಗುಂಬೆ ಘಾಟಿ ಹತ್ತಿ ಇಳಿಯೋರು. ಹೋದ ವರ್ಷ ಮುಂದಿನ ಎರಡು ಡಿಸ್ಕ್, ಪ್ಯಾಡ್, ಲೇಬರ್ ಸೇರಿ 8,400 ರೂಪಾಯಿ ಕಟ್ಟಿದ್ರು. 7,000 ಕಿಲೋಮೀಟರ್ ಓಡೋದ್ರೊಳಗೆ ಅದೇ ನಡುಕ ವಾಪಸ್. ಗ್ಯಾರೇಜಿನವರ ಮಾತೂ ಅದೇ: "ಡಿಸ್ಕ್ ಬೆಂಡ್ ಆಗಿದೆ ಸರ್, ಚೇಂಜ್ ಮಾಡ್ಬೇಕು." ನಾನು ಬಿ.ಕಾಂ. ಓದಿದವನು, ಸ್ಪ್ಯಾನರ್‌ಗಿಂತ ಬಿಲ್ ನನಗೆ ಬೇಗ ಅರ್ಥ ಆಗುತ್ತೆ. ಒಂದೇ ಐಟಂ ಎರಡು ಸಲ ಬಿಲ್ಲಿಗೆ ಬಂತು ಅಂದ್ರೆ ಖರ್ಚಿನ ಕಾರಣ ಬೇರೆ ಎಲ್ಲೋ ಕೂತಿದೆ ಅಂತ.

ಈ 'ಬೆಂಡ್' ಅನ್ನೋ ಪದವೇ ದಾರಿ ತಪ್ಪಿಸುತ್ತೆ. ಡಿಸ್ಕ್ ಬಿಸಿಗೆ ಹಪ್ಪಳದ ಹಾಗೆ ಸೊಟ್ಟಗಾಗೋದು ಬಹಳ ಅಪರೂಪ. ನಿಜವಾಗಿ ಆಗೋದು ದಪ್ಪದಲ್ಲಿ ವ್ಯತ್ಯಾಸ, ಅಂದ್ರೆ ಡಿಸ್ಕ್ ಒಂದು ಕಡೆ ಕೂದಲೆಳೆಯಷ್ಟು ತೆಳು, ಇನ್ನೊಂದು ಕಡೆ ದಪ್ಪ. ಕೂದಲೆಳೆಗಿಂತಲೂ ಕಡಿಮೆ ಅನ್ನಿ. ಜೆರಾಕ್ಸ್ ಹಾಳೆಯ ದಪ್ಪ ಸುಮಾರು 0.1 ಮಿಲಿಮೀಟರ್. ಅದರ ಐದನೇ ಒಂದು ಭಾಗ, 0.02 ಮಿಲಿಮೀಟರ್ ವ್ಯತ್ಯಾಸ ಬಂದ್ರೂ ಕಾಲಿಗೆ ಗೊತ್ತಾಗಬಹುದು. ದಪ್ಪ ಇರೋ ಭಾಗ ಪ್ಯಾಡ್‌ಗಳ ನಡುವೆ ಬಂದಾಗ ಪಿಸ್ಟನ್ ಹಿಂದಕ್ಕೆ ಹೋಗುತ್ತೆ, ಅದು ಬ್ರೇಕ್ ಆಯಿಲನ್ನ ವಾಪಸ್ ತಳ್ಳುತ್ತೆ, ಪೆಡಲ್ ಮೇಲೇಳುತ್ತೆ. ತೆಳು ಭಾಗ ಬಂದಾಗ ಇಳಿಯುತ್ತೆ. ಚಕ್ರ ಸುತ್ತಿದಷ್ಟು ಸಲ ಇದೇ ಕುಣಿತ.

ಆ ವ್ಯತ್ಯಾಸ ಬರೋದೆಲ್ಲಿಂದ? ಡಿಸ್ಕ್ ಕೂರೋದು ಹಬ್ ಮೇಲೆ. ಕರಾವಳಿಯ ಮಳೆ, ಉಪ್ಪುಗಾಳಿಗೆ ಹಬ್ ಮೇಲೆ ತುಕ್ಕು ಹಿಡಿದಿರುತ್ತೆ. ಅದನ್ನ ಉಜ್ಜದೇ ಹೊಸ ಡಿಸ್ಕ್ ಕೂರಿಸಿದ್ರೆ ಅದು ಚೂರು ವಾಲಿಕೊಂಡೇ ಕೂರುತ್ತೆ. ಆದ್ರೆ ಮೊದಲ ದಿನ ಏನೂ ಗೊತ್ತಾಗಲ್ಲ, ಯಾಕಂದ್ರೆ ದಪ್ಪ ಇನ್ನೂ ಸಮ ಇದೆ, ಕ್ಯಾಲಿಪರ್ ಅದರ ಜೊತೆಗೇ ಅತ್ತಿತ್ತ ಆಡಿಕೊಂಡು ಹೋಗುತ್ತೆ. ನೀವು ಬ್ರೇಕ್ ಒತ್ತದೇ ಹೈವೇಯಲ್ಲಿ ಹೋಗುವಾಗಲೂ ವಾಲಿದ ಭಾಗ ಪ್ರತಿ ಸುತ್ತಿಗೂ ಪ್ಯಾಡಿಗೆ ಸವರುತ್ತೆ, ಅಲ್ಲಷ್ಟೇ ಸವೆಯುತ್ತೆ. ಕೆಲವು ಸಾವಿರ ಕಿಲೋಮೀಟರ್ ಆದ್ಮೇಲೆ ಫಲ ಕೈಗೆ ಸಿಗುತ್ತೆ. ಅಷ್ಟರಲ್ಲಿ ಗ್ಯಾರೇಜಿನ ವಾರಂಟಿ ಮಾತು ಯಾರಿಗೂ ನೆನಪಿರಲ್ಲ!

ಎರಡನೇ ಕಾರಣ ವೀಲ್ ನಟ್. ಪಂಕ್ಚರ್ ಅಂಗಡಿಯಲ್ಲಿ ಗನ್ ಹಿಡಿದು ಒಂದನ್ನ ಪೂರ್ತಿ ಬಿಗಿದು ಪಕ್ಕದ್ದಕ್ಕೆ ಹೋಗ್ತಾರಲ್ಲ, ಆ ಅಸಮ ಬಿಗಿತ ಡಿಸ್ಕನ್ನ ಎಳೆದು ವಾಲಿಸಬಲ್ಲದು. ಎದುರು-ಬದುರಾಗಿ, ಹಂತ ಹಂತವಾಗಿ, ಟಾರ್ಕ್ ರೆಂಚ್‌ನಲ್ಲಿ ಬಿಗಿಸಿ. ಎಷ್ಟು ಅನ್ನೋದು ನಿಮ್ಮ ಕಾರಿನ ಮ್ಯಾನುಯಲ್‌ನಲ್ಲಿದೆ.

ಮೂರನೇದು ಪ್ಯಾಡಿನ ಗುರುತು. ಘಾಟಿಯಲ್ಲಿ ಬ್ರೇಕ್ ಮೇಲೇ ಇಳಿದು, ಕೆಂಡದಂಥ ಡಿಸ್ಕ್ ಮೇಲೆ ಪೆಡಲ್ ಒತ್ತಿ ಹಿಡಿದೇ ನಿಂತ್ರೆ, ಪ್ಯಾಡಿನ ವಸ್ತು ಅಲ್ಲೇ ಮೆತ್ತಿಕೊಳ್ಳಬಹುದು. ರೇಸಿಂಗ್ ಎಂಜಿನಿಯರ್ ಕ್ಯಾರಲ್ ಸ್ಮಿತ್ ಅಂತೂ ತಾವು ಪರೀಕ್ಷಿಸಿದ 'ಸೊಟ್ಟ ಡಿಸ್ಕ್'ಗಳೆಲ್ಲ ಹೀಗೆ ಅಸಮವಾಗಿ ಮೆತ್ತಿಕೊಂಡ ಪ್ಯಾಡಿನ ಪ್ರಕರಣಗಳೇ ಅಂತ ಬರೆದಿದ್ದಾರೆ.

ಹಾಗಾಗಿ ಭಾವನ ಕಾರನ್ನ ಬೇರೆ ಕಡೆ ಒಯ್ದಾಗ ನಾವು ಕೇಳಿದ್ದು ಇಷ್ಟೇ: "ಅಣ್ಣ, ಬಿಚ್ಚೋ ಮೊದಲು ಡಯಲ್ ಗೇಜ್ ಇಡ್ತೀರಾ?" ಡಿಸ್ಕನ್ನ ಎಲ್ಲಾ ನಟ್ ಹಾಕಿ ಬಿಗಿದು, ಗೇಜ್ ತಾಗಿಸಿ ಕೈಯಲ್ಲೇ ಒಂದು ಸುತ್ತು ತಿರುಗಿಸಿದ್ರೆ ಓಲಾಟ ಎಷ್ಟು ಅಂತ ಮುಳ್ಳು ತೋರಿಸುತ್ತೆ. ಅನೇಕ ಕಾರುಗಳಿಗೆ 0.05 ಮಿಲಿಮೀಟರ್ ಆಸುಪಾಸು ಇದ್ರೆ ಒಳ್ಳೇದು. ಎಡಗಡೆ 0.14 ತೋರಿಸ್ತು. ಡಿಸ್ಕ್ ತೆಗೆದು ನೋಡಿದ್ರೆ ಹಬ್ ಮೇಲೆ ಕಂದು ಪದರ. ವೈರ್ ಬ್ರಷ್, ಎಮರಿ ಪೇಪರ್‌ನಲ್ಲಿ ಉಜ್ಜಿ, ಅದೇ ಡಿಸ್ಕ್ ವಾಪಸ್ ಕೂರಿಸಿ ನೋಡಿದಾಗ 0.04.

ಆದ್ರೆ ಡಿಸ್ಕ್ ಆಗಲೇ ಅಸಮವಾಗಿ ಸವೆದಿತ್ತಲ್ಲ. ಮೈಕ್ರೋಮೀಟರ್‌ನಲ್ಲಿ ಸುತ್ತಲೂ ಎಂಟು ಕಡೆ ಅಳೆದು, ಎರಡೂ ಬದಿಯ ಡಿಸ್ಕನ್ನ ಲೇತ್‌ಗೆ ಹಾಕಿಸಿ ಸಮ ಮಾಡಿಸಿದ್ರು. ಇಲ್ಲಿ ಒಂದು ಮಿತಿ ಇದೆ. ಎಷ್ಟು ತೆಳುವಾದ್ರೆ ಬಳಸಬಾರದು ಅನ್ನೋ ಅಂಕಿಯನ್ನ ಸಾಮಾನ್ಯವಾಗಿ ಡಿಸ್ಕ್ ಮೇಲೇ ಕೊರೆದಿರ್ತಾರೆ. ಲೇತ್ ಆದ್ಮೇಲೆ ಅದಕ್ಕಿಂತ ಕೆಳಗೆ ಹೋಗೋದಾದ್ರೆ ಹೊಸ ಡಿಸ್ಕೇ ಹಾಕಬೇಕು, ಅದೂ ಜೋಡಿಯಾಗಿ. ಆ ವಿಷಯದಲ್ಲಿ ಜಿಪುಣತನ ಬೇಡ, ತೆಳು ಡಿಸ್ಕ್ ಘಾಟಿಯಲ್ಲಿ ಬೇಗ ಬಿಸಿಯಾಗುತ್ತೆ. ಕ್ಯಾಲಿಪರ್‌ನ ಪಿನ್‌ಗಳು ಸಲೀಸಾಗಿ ಜಾರ್ತಾವಾ ಅಂತಲೂ ನೋಡಿಸಿ, ಜಾಮ್ ಆಗಿದ್ರೆ ಪ್ಯಾಡ್ ಡಿಸ್ಕನ್ನ ಬಿಡೋದೇ ಇಲ್ಲ.

ಹೊಸ ಪ್ಯಾಡ್ ಹಾಕಿಸಿದ್ರೆ ಮೊದಲ ದಿನವೇ ಖಾಲಿ ರಸ್ತೆಗೆ ಹೋಗಿ, 50ರಿಂದ 15ಕ್ಕೆ ಹದವಾಗಿ ಇಳಿಸಿ, ಪೂರ್ತಿ ನಿಲ್ಲಿಸಬೇಡಿ. ಮಧ್ಯೆ ಸ್ವಲ್ಪ ಓಡಿಸಿ ಆರೋಕೆ ಬಿಟ್ಟು ಎಂಟು-ಹತ್ತು ಸಲ ಹೀಗೆ ಮಾಡಿದ್ರೆ ಪ್ಯಾಡ್ ಸಮನಾಗಿ ಕೂರುತ್ತೆ. 100 ಕಿಲೋಮೀಟರ್ ಆದ್ಮೇಲೆ ವೀಲ್ ನಟ್ ಇನ್ನೊಂದ್ಸಲ ಚೆಕ್ ಮಾಡಿಸಿ. ಘಾಟಿ ಇಳಿಯುವಾಗ ಸೆಕೆಂಡ್ ಅಥವಾ ಥರ್ಡ್ ಗೇರ್‌ನಲ್ಲಿರಿ, ಬ್ರೇಕ್ ಮೇಲೆ ಕಾಲಿಟ್ಟುಕೊಂಡೇ ಇಳೀಬೇಡಿ.

ನಿಮ್ಮ ಹತ್ರ ಇಂಥ ಬಿಲ್ ಇದ್ರೆ ಫೋಟೋ ಕಳಿಸಿ, ಮುಂದಿನ ಎಪಿಸೋಡಲ್ಲಿ ಕೂತು ಲೆಕ್ಕ ನೋಡೋಣ.