ಆಧಾರ್, ಪ್ಯಾನ್ ಕಳೆದುಹೋದರೆ

ಯಾತ್ರೆಗೆ ಹೊರಟಾಗ ಮನೆಯವರೆಲ್ಲರ ಆಧಾರ್, ಪ್ಯಾನ್ ಒಂದೇ ಚೀಲದಲ್ಲಿ ಇಡುವುದು ಅನೇಕ ಕುಟುಂಬಗಳ ರೂಢಿ. ಚೀಲ ಕಳೆದರೆ ಹೊಸ ಕಾರ್ಡ್ ತರಿಸಿ ಸುಮ್ಮನಾಗುತ್ತಾರೆ. ಆದರೆ ಹೊಸ ಕಾರ್ಡಿನಲ್ಲೂ ಇರುವುದು ಹಳೆಯ ನಂಬರೇ. ಕಾರ್ಡ್ ಸಿಕ್ಕವರು ಅದರಿಂದ ಸಿಮ್ ಪಡೆಯಲು, ಸಾಲ ಎತ್ತಲು ಯತ್ನಿಸಬಹುದು.

ಮೊದಲು ಪೊಲೀಸರಿಗೆ ತಿಳಿಸಿ ದಾಖಲೆಯ ಪ್ರತಿ ಪಡೆಯಬೇಕು. ಮುಂದೆ ತಗಾದೆ ಬಂದರೆ ಅದೇ ಆಧಾರ. ಯುಐಡಿಎಐ ಜಾಲತಾಣದಲ್ಲಿ ಬಯೋಮೆಟ್ರಿಕ್ ಲಾಕ್ ಮಾಡಿದರೆ ನಕಲಿ ಬೆರಳಚ್ಚು ನಡೆಯದು. ಸಹಾಯಕ್ಕೆ 1947. ತಮ್ಮ ಹೆಸರಿನಲ್ಲಿ ಎಷ್ಟು ಸಿಮ್ ಇವೆಯೆಂದು ಸಂಚಾರ ಸಾಥಿಯಲ್ಲಿ ನೋಡಿ, ತಮ್ಮದಲ್ಲದ್ದನ್ನು ಅಲ್ಲೇ ತಿಳಿಸಬಹುದು.

ಪ್ಯಾನ್ ಮೇಲೆ ಯಾರಾದರೂ ಸಾಲ ಪಡೆದರೆ ಗೊತ್ತಾಗುವುದು ಕ್ರೆಡಿಟ್ ವರದಿಯಲ್ಲಿ. ಸಿಬಿಲ್ ಸೇರಿ ನಾಲ್ಕು ಸಂಸ್ಥೆಗಳು ವರ್ಷಕ್ಕೊಮ್ಮೆ ಉಚಿತವಾಗಿ ಕೊಡುತ್ತವೆ. ಮೂರು ತಿಂಗಳಿಗೊಂದರಂತೆ ತರಿಸಿದರೆ ವರ್ಷವಿಡೀ ಕಣ್ಣಿಟ್ಟಂತೆ. ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಬೇಕು.