ಸವೆದ ರೀಡಿಗೆ ಕಾರ್ಬ್ಯುರೇಟರ್ ಮೇಲೆ ದೂರು

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯ ಯೆಜ್ಡಿ ಬೈಕುಗಳನ್ನು ಬಿಚ್ಚಿ ಜೋಡಿಸಿ ಪಳಗಿದ ಕೈಗಳಿಗೆ ಆರ್‌ಎಕ್ಸ್ 100ರಲ್ಲಿ ಒಂದು ಭಾಗ ಹೊಸತು. ಯೆಜ್ಡಿಯಲ್ಲಿ ಪಿಸ್ಟನ್ನೇ ಏರಿಳಿಯುತ್ತ ಪೆಟ್ರೋಲ್-ಗಾಳಿ ಒಳಬರುವ ದಾರಿಯನ್ನು ತೆರೆದು ಮುಚ್ಚುತ್ತದೆ. 1985ರಲ್ಲಿ ಭಾರತದ ರಸ್ತೆಗಿಳಿದ 98 ಸಿಸಿಯ ಈ ಯಮಹಾದಲ್ಲಿ ಆ ಕೆಲಸಕ್ಕೆ ರೀಡ್ ವಾಲ್ವ್ ಇದೆ. ಕಾರ್ಬ್ಯುರೇಟರಿಗೂ ಸಿಲಿಂಡರಿಗೂ ನಡುವೆ ಅದರ ಜಾಗ: ಇಳಿಜಾರಾದ ಪುಟ್ಟ ಬ್ಲಾಕು, ಅದಕ್ಕೆ ಅಂಟಿದಂತೆ ಉಕ್ಕಿನ ತೆಳು ಎಲೆಗಳು, ಅವು ಅತಿಯಾಗಿ ಬಾಗದಂತೆ ತಡೆಯುವ ಸ್ಟಾಪರ್.

ಪಿಸ್ಟನ್ ಮೇಲೇರಿದಾಗ ಕ್ರ್ಯಾಂಕ್‌ಕೇಸ್‌ನಲ್ಲಿ ಒತ್ತಡ ಕುಸಿದು ಎಲೆಗಳು ತೆರೆಯುತ್ತವೆ, ಇಳಿದಾಗ ಮುಚ್ಚುತ್ತವೆ. ನಿಮಿಷಕ್ಕೆ 6,000 ಸುತ್ತಿನ ವೇಗದಲ್ಲಿ ಇದು ಸೆಕೆಂಡಿಗೆ 100 ಸಲ. ಹೀಗೆ ವರ್ಷಗಟ್ಟಲೆ ಬಡಿದುಕೊಂಡ ಎಲೆ ಸೊಟ್ಟಗಾಗದೆ ಇನ್ನೇನಾದೀತು?

ಸೊಟ್ಟಗಾದರೆ ಒಳಹೋದ ಮಿಶ್ರಣ ವಾಪಸು ಚಿಮ್ಮುತ್ತದೆ. ಏರ್ ಫಿಲ್ಟರ್ ಪೆಟ್ರೋಲಿನಿಂದ ಒದ್ದೆ, ಐಡ್ಲಿಂಗ್ ನಿಲ್ಲದು, ಹತ್ತಾರು ಕಿಕ್ ಹೊಡೆದರೂ ಗಾಡಿ ಎದ್ದೇಳದು. ಬಹುತೇಕರು ಆಗ ಕಾರ್ಬ್ಯುರೇಟರಿನ ಸ್ಕ್ರೂ ತಿರುಗಿಸುತ್ತ ಕೂರುತ್ತಾರೆ. ಪಾಪ, ಅದರ ತಪ್ಪೇನೂ ಇರುವುದಿಲ್ಲ. ಬಲ್ಲವರು ಬ್ಲಾಕನ್ನು ಹೊರತೆಗೆದು ಬೆಳಕಿಗೆ ಹಿಡಿಯುತ್ತಾರೆ. ಎಲೆಯಂಚಿನಲ್ಲಿ ಬೆಳಕಿನ ಗೆರೆ ಎದ್ದು ಕಂಡರೆ ರೋಗ ಸಿಕ್ಕಿತು. ಬಾಗಿದ ಎಲೆಯನ್ನು ತಿರುವಿ ಹಾಕುವ ಜಾಣರೂ ಇದ್ದಾರೆ. ಅದು ದಿನ ದೂಡುವ ಉಪಾಯವಷ್ಟೆ.

ಬದಲಿಸುವುದು ಸ್ಕ್ರೂಡ್ರೈವರಿನ ಕೆಲಸವೇ, ಆದರೆ ಗಡಿಬಿಡಿ ಸಲ್ಲದು. ಎಲೆಯ ಒಂದು ಮೂಲೆ ಕತ್ತರಿಸಿರುತ್ತದೆ, ಸ್ಟಾಪರಿನದೂ ಹಾಗೆಯೇ. ಎರಡೂ ಒಂದೇ ಕಡೆ ಬರಬೇಕು. ಸ್ಕ್ರೂಗಳಿಗೆ ಲಾಕ್ ಮಾಡುವ ಅಂಟು ಹಚ್ಚದಿದ್ದರೆ ಅವು ಸಡಿಲಗೊಂಡು ಎಂಜಿನ್ ಸೇರಬಹುದು. ಪ್ಯಾಕಿಂಗ್ ಹೊಸದೇ ಹಾಕಬೇಕು. ಅಲ್ಲಿ ಗಾಳಿ ನುಸುಳಿದರೆ ಮಿಶ್ರಣದಲ್ಲಿ ಪೆಟ್ರೋಲು ಕಮ್ಮಿಯಾಗಿ ಪಿಸ್ಟನ್ ಸೀಜ್ ಆಗುವ ಅಪಾಯವಿದೆ.

ಹಳೆಯ ಎಲೆಯನ್ನು ಬಿಸಾಡುವ ಮುನ್ನ ಅದರ ಮೂಲೆಗಳನ್ನು ನೋಡಬೇಕು. ಚೂರು ಮುರಿದು ಕಾಣೆಯಾಗಿದ್ದರೆ ಅದು ಒಳಗೇ ಹೋಗಿರುತ್ತದೆ. ಉಕ್ಕಿನ ಚೂರು ಸಿಲಿಂಡರನ್ನು ಗೀರಿ ಹಾಳುಮಾಡುತ್ತದೆ. ಆಗ ಎಂಜಿನ್ ಬಿಚ್ಚದೆ ವಿಧಿಯಿಲ್ಲ. ಇದೇ ಭಯಕ್ಕೆ ಕೆಲವರು ಫೈಬರ್ ಎಲೆ ಹಾಕಿಸುತ್ತಾರೆ. ಮುರಿದರೂ ಅದರಿಂದ ಹಾನಿ ಕಡಿಮೆ, ಆದರೆ ಅಂಚು ಬೇಗ ನಾರುನಾರಾಗುತ್ತದೆ. ದಿನನಿತ್ಯ ಓಡಿಸುವ ಗಾಡಿಗೆ ನನ್ನ ಮತ ಉಕ್ಕಿಗೇ.